ಸದ್ದಿಲ್ಲದ ಕಾರಿನ ಪೂಜೆ

ಗೋಪನಕೊಪ್ಪದ ನಮ್ಮ ಓಣಿಗೆ ಕರೆಂಟಿನ ಕಾರು ತಂದವಳು ನಾನೇ ಮೊದಲು. ಓಣಿಯ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಸಿಗಲೆಂದು ತಂದದ್ದು. ತಾಯಂದಿರಿಗೆ ಮಾತ್ರ ಈ ಹೊಸ ಬಗೆಯ ಕಾರಿನ ಮೇಲೆ ಅನುಮಾನ. ಅದಕ್ಕೇ ಅವರನ್ನೆಲ್ಲ ಕಾರಿನ ಪೂಜೆಗೆ ಕರೆದೆ. ಎದುರುಮನೆಯ ಹತ್ತಿ ವ್ಯಾಪಾರಿ ಕಾಕಾ ಕರೆಯದೆಯೇ ಬಂದರು.

“ಕರೆಂಟ್ ಹೋದ್ರ ಏನ್ ಮಾಡ್ತಿ ತಂಗಿ? ಪೆಟ್ರೋಲ್ ಅಂದ್ರ ಪೆಟ್ರೋಲ್!”

“ಬಂಕಿನ ಪಂಪ್ ಏನ್ ಕೈಲೆ ತಿರುವ್ತಾರೇನ್ರಿ ಕಾಕಾ? ಅದಕ್ಕೂ ಕರೆಂಟ ಬೇಕಲ್ರಿ.”

ಆರತಿಯಾಯಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ನನ್ನ ಕೂಸು ನಿದ್ದೆಹೋಗಿತ್ತು. ನಾನು ಕಾರನ್ನು ಒಂದು ಗೇಣು ಮುಂದೆ ಬಿಟ್ಟೆ. ಎಲ್ಲರೂ ಅಕ್ಷತೆ ಹಿಡಿದು ಇಂಜಿನ್ ಸದ್ದಿಗೆ ಕಾಯುತ್ತಲೇ ನಿಂತಿದ್ದರು.

“ಲಗೂ ಚಾಲೂ ಮಾಡವಾ!” ಎಂದು ಕಾಕಾ ಕೂಗಿದರು.

“ನಿಂಬಿಹಣ್ಣು ಒಡದೂ ಆತ್ರಿ” ಎಂದೆ.

“ಸಪ್ಪಳಿಲ್ದ ಎಂಥಾ ಪೂಜಿ? ಗಾಡಿ ಅಂದ್ರ ಹಿಂಗಿರಬೇಕು” ಎನ್ನುತ್ತ ಕಾಕಾ ತಮ್ಮ ಹಳೆಯ ಪೆಟ್ರೋಲ್ ಕಾರು ಹತ್ತಿ, ಚಾಲೂ ಮಾಡಿ, ಎಕ್ಸಲರೇಟರ್ ಒತ್ತಿ ಗುಡುಗಿಸಿದರು. ನನ್ನ ಕೂಸು ಬೆಚ್ಚಿಬಿದ್ದು ಎದ್ದಿತು. ಮನೆಮನೆಯ ತೊಟ್ಟಿಲಿನಿಂದ ಅಳು ಕೇಳತೊಡಗಿತು.

“ಈಗಷ್ಟ ಮಲಗ್ಸಿ ಬಂದಿದ್ದೆಲ್ರಿ ಕಾಕಾ!” ಎಂದು ಪಕ್ಕದ ಮನೆಯಾಕೆ ಸಿಡುಕಿದಳು. ನನ್ನ ಕಡೆ ತಿರುಗಿ, “ನನ್ನ ದೊಡ್ಡ ಮಗಳು ನಾಳಿಂದ ಸಾಲಿಗೆ ನಿನ್ನ ಕಾರಿನ್ಯಾಗ ಬರ್ತಾಳ” ಎಂದಳು. ಉಳಿದವರೂ ತಲೆಯಾಡಿಸಿದರು.

ಪೆಟ್ರೋಲೇ ಛಲೋ ಅನ್ನುವುದನ್ನು ಕಾಕಾ ಇಂದಿಗೂ ಬಿಟ್ಟಿಲ್ಲ. ಅನ್ನಲಿ, ನಾನೇನು ಅಂಜುವವಳಲ್ಲ. ಆದರೆ ಮೆಲ್ಲಗೆ ಅನ್ನಲಿ, ಕೂಸು ಮಲಗಿದೆ.