ಐಸಿನಲ್ಲಿಟ್ಟ ಯೀಸ್ಟ್ ಮತ್ತು ವನಜಾ ಮೇಡಂ

ಡಾ. ವನಜಾ ಅವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಈ ಅಭಿನಂದನ ಸಂಪುಟದಲ್ಲೇ ಇದ್ದಾರೆ. ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಪ್ರಯೋಗಾಲಯ ಸಹಾಯಕನೊಬ್ಬ ಅವರ ವಿಜ್ಞಾನವನ್ನು ಹೇಳಹೊರಟಿದ್ದನ್ನು ಓದುಗರು ಕ್ಷಮಿಸಬೇಕು. ತಪ್ಪಿದ್ದರೆ ಅದು ನನ್ನದು.

ದೇಹವು ಯಾರಿಂದಲೂ ಕಲಿಯದೆ ಹುಟ್ಟಿನಿಂದಲೇ ಹೊಂದಿರುವ ರಕ್ಷಣೆಗಳ ಅಧ್ಯಯನದಲ್ಲಿ ಮೇಡಂ ತಮ್ಮ ವೃತ್ತಿಜೀವನವನ್ನೆಲ್ಲ ಕಳೆದವರು. ದಾವಣಗೆರೆಯಿಂದ ಬಂದು ಸಿಂಗಸಂದ್ರದಲ್ಲಿ ನೆಲೆಸಿ, ಜಿಗಣಿಯ ನಮ್ಮ ಪ್ರಯೋಗಾಲಯಕ್ಕೆ ಸೇರಿದ ಅವರು ಕೈಗೆತ್ತಿಕೊಂಡದ್ದು ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನನ್ನು. ಹಾಲಿನಲ್ಲಿ, ಕಣ್ಣೀರಿನಲ್ಲಿ, ಜೊಲ್ಲಿನಲ್ಲಿ ಇರುವ ಇದು ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿಸುವ ಯೀಸ್ಟನ್ನು ಕೊಲ್ಲಬಲ್ಲದು. ಹಲ್ಲುಸೆಟ್ಟು ಹಾಕಿಕೊಳ್ಳುವ ಹಿರಿಯರಿಗಾಗಿ ಇದರಿಂದ ಮುಲಾಮು ಮಾಡಬೇಕೆಂಬುದು ಕಂಪನಿಯ ಆಸೆಯಾಗಿತ್ತು.

ನಾನು ಸೇರಿದ ಹೊಸದರಲ್ಲಿ ನನ್ನ ಕಾಲೇಜಿನ ಪರೀಕ್ಷೆ ಬಂದರೆ ಮೇಡಂ ನನ್ನನ್ನು ಬೇಗ ಕಳಿಸಿ, ತಟ್ಟೆಗಳಲ್ಲಿ ಬೆಳೆದ ಯೀಸ್ಟಿನ ಚುಕ್ಕೆಗಳನ್ನು ತಾವೇ ಎಣಿಸುತ್ತಿದ್ದರು. ಬೆನ್ನು ಬಗ್ಗಿಸಿ ಮಾಡುವ, ಮುಗಿಯದ ಆ ಕೆಲಸ ಎಷ್ಟು ದಣಿಸುತ್ತದೆಂದು ಮಾಡಿದವರಿಗೇ ಗೊತ್ತು.

ದಣಿವಿಗಿಂತ ದೊಡ್ಡ ಕಷ್ಟ ಬೇರೆ ಇತ್ತು. ಅದೇ ಪ್ರೋಟೀನು ಹಾಕಿದರೂ ಒಂದು ದಿನ ಸಾಯುವ ಯೀಸ್ಟ್ ಇನ್ನೊಂದು ದಿನ ಸಾಯುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥ ಗುರುರಾಜ್ ಅವರಿಗೆ ವರದಿಯ ಅವಸರ.

“ಕೆಟ್ಟ ದಿನಗಳನ್ನ ಬಿಟ್ಬಿಡಿ ಮೇಡಂ. ಒಳ್ಳೇವು ಸಾಕಷ್ಟಿವೆಯಲ್ಲ.”

“ಯಾಕೆ ಸಾಯಲಿಲ್ಲ ಅಂತ ಗೊತ್ತಾಗದೆ ನಾನು ಸಹಿ ಹಾಕಲ್ಲ ಸಾರ್.”

“ಒಳ್ಳೇ ಕತೆ! ನಿಮ್ಮ ಪ್ರೋಟೀನು ಹೊಸೂರು ರೋಡ್ ಟ್ರಾಫಿಕ್ ನೋಡ್ಕೊಂಡು ಕೆಲಸ ಮಾಡುತ್ತಾ?”

ನಾವೆಲ್ಲ ನಕ್ಕೆವು. ಮೇಡಂ ನಗಲಿಲ್ಲ. “ಬಸಲಿಂಗ, ಟ್ರಾಫಿಕ್ಕಲ್ಲಿ ನನ್ನ ಕ್ಯಾಬ್ ಲೇಟಾದಾಗ ನೀವು ಯೀಸ್ಟನ್ನ ಏನ್ಮಾಡ್ತೀರಿ?” ಎಂದು ನನ್ನನ್ನು ಕೇಳಿದರು.

“ನೀವೇ ಹೇಳಿದ್ರಲ್ಲ ಮೇಡಂ. ತೊಳೆದು, ಬರೀ ನೀರಲ್ಲಿ ಹಾಕಿ, ನೀವು ಬರೋವರೆಗೂ ಐಸಲ್ಲಿಡ್ತೀನಿ.”

“ಹಂಗಾದ್ರೆ ತಪ್ಪು ನಂದೇ ಕಣ್ರೀ.”

ಕೋಶಗಳು ಕೆಡದಿರಲೆಂದು ಅವರೇ ಮಾಡಿದ್ದ ಪದ್ಧತಿ ಅದು. ಅಂದು ಅರ್ಧ ಯೀಸ್ಟನ್ನು ಬೆಚ್ಚಗಿಟ್ಟು ಸಕ್ಕರೆ ಕೊಟ್ಟೆವು. ಇನ್ನರ್ಧ ಐಸಿನಲ್ಲಿ ಉಪವಾಸ. ಪ್ರೋಟೀನು ಹಾಕಿದಾಗ ಉಂಡು ದುಡಿಯುತ್ತಿದ್ದ ಕೋಶಗಳು ಸತ್ತವು, ಐಸಿನಲ್ಲಿ ಸುಮ್ಮನೆ ಬಿದ್ದಿದ್ದ ಕೋಶಗಳು ಬದುಕಿದವು. ಅವಕ್ಕೂ ಸಕ್ಕರೆ, ಶಾಖ ಕೊಟ್ಟು ಮತ್ತೆ ಪ್ರೋಟೀನು ಹಾಕಿದೆವು. ಆಗ ಅವೂ ಸತ್ತವು.

ಮೇಡಂ ನನಗೆ ಬಿಡಿಸಿ ಹೇಳಿದ್ದು ಹೀಗೆ: ದುಡಿಯುವ ಕೋಶದೊಳಗೆ ಆಮ್ಲ ಹುಟ್ಟುತ್ತಲೇ ಇರುತ್ತದೆ. ಅದನ್ನು ಹೊರಹಾಕಲು ಕೋಶದ ಪೊರೆಯಲ್ಲಿ ಪಂಪುಗಳಿವೆ. ಪ್ರೋಟೀನು ಆ ಪಂಪುಗಳನ್ನು ನಿಲ್ಲಿಸುತ್ತದೆ. ಆಮ್ಲ ಒಳಗೇ ತುಂಬಿಕೊಳ್ಳುತ್ತದೆ. ದುಡಿಮೆ ನಿಲ್ಲಿಸಿದ ಕೋಶಕ್ಕೆ ಈ ಪೆಟ್ಟು ಅಷ್ಟಾಗಿ ತಾಗುವುದಿಲ್ಲ.

ಮೇಡಂ ಎಲ್ಲ ದಿನಗಳನ್ನೂ ಸೇರಿಸಿಯೇ ವರದಿ ಬರೆದು ಸಹಿ ಹಾಕಿದರು. ಹಲ್ಲುಸೆಟ್ಟಿನ ಮೇಲೆ ಕೂತ ಯೀಸ್ಟ್ ಬಹುಪಾಲು ಸುಮ್ಮನೆ ಬಿದ್ದಿರುವಂಥದ್ದು. ಆದ್ದರಿಂದ ಮುಲಾಮಿನ ಕೆಲಸ ಅಲ್ಲಿಗೇ ನಿಂತಿತು. ತಮ್ಮ ಯೋಜನೆಯನ್ನು ತಮ್ಮ ಸಹಿಯಿಂದಲೇ ಮುಚ್ಚಿದ ಅವರು ಉಳಿದ ಸೇವಾವಧಿಯನ್ನು ಬೇರೆಯವರ ಮಾದರಿಗಳನ್ನು ಪರೀಕ್ಷಿಸುತ್ತ ಕಳೆದರು. ಈ ಬಗ್ಗೆ ಒಮ್ಮೆಯೂ ಗೊಣಗಿದ್ದನ್ನು ನಾನು ಕೇಳಿಲ್ಲ. ಹಾಗೆ ಸಹಿ ಹಾಕಿದ್ದು ಸರಿಯಾಯಿತೇ ಎಂದು ನಾನೇ ಅವರ ಪರವಾಗಿ ಎಷ್ಟೋ ಸಲ ಚಿಂತಿಸಿದ್ದೇನೆ.

ಬೀಳ್ಕೊಡುಗೆಯ ದಿನ, ಮುಂದೇನು ಮಾಡುತ್ತೀರಿ ಎಂದು ಕೇಳಿದೆ. “ಸುಸ್ತಾಗಿದೆ ಬಸಲಿಂಗ. ಸ್ವಲ್ಪ ದಿನ ನಾನೂ ಐಸಲ್ಲಿರ್ತೀನಿ” ಎಂದರು.

ಅವರು ಬೇಕಾದಷ್ಟು ವಿಶ್ರಮಿಸಲಿ, ಆರೋಗ್ಯದಿಂದ ಬಹುಕಾಲ ಬಾಳಲಿ, ಮನಸ್ಸಾದಾಗ ಮತ್ತೆ ಕೆಲಸಕ್ಕೆ ಕೂರಲಿ. ಕೆಲಸವಂತೂ ಬಾಕಿಯಿದೆ. ಪಂಪು ನಿಂತ ಕೋಶ ತಕ್ಷಣ ಸಾಯುವುದಿಲ್ಲ. ಸ್ವಲ್ಪ ಹೊತ್ತು ತಡೆಯುತ್ತದೆ. ಯಾವ ಹಂತ ದಾಟಿದರೆ ಅದು ಮತ್ತೆ ಚೇತರಿಸಿಕೊಳ್ಳಲಾರದು ಎಂಬುದನ್ನು ಮೇಡಂ ಅವರಿಗೆ ಕಂಡುಕೊಳ್ಳಲಾಗಲಿಲ್ಲ. ನನಗೂ ಗೊತ್ತಿಲ್ಲ.