ಹೊಳೆ ದಾಟುವ ಹೆಂಗಸಿನ ಚಿತ್ರ

ನಲವತ್ತರ ದಶಕದ ಮೊದಲ ವರ್ಷಗಳು. ಬಿಳಿಚೋಡಿನ ಶಾಲೆಯಲ್ಲಿ ನಾನು ಮೂರನೆಯ ತರಗತಿಯಲ್ಲಿದ್ದೆ. ನಮ್ಮ ಮೇಷ್ಟರು ದಾವಣಗೆರೆಯಿಂದ ಒಂದು ಇಂಗ್ಲಿಷ್ ಚಿತ್ರದ ಪುಸ್ತಕ ತಂದಿದ್ದರು. ರಟ್ಟು ಹರಿದಿತ್ತು, ಮೊದಲ ಕೆಲವು ಹಾಳೆಗಳೇ ಇರಲಿಲ್ಲ. ಸಮುದ್ರದಾಚೆಯ ಯಾವುದೋ ನಾಡಿನಲ್ಲಿ ಮನುಷ್ಯರನ್ನು ದನಗಳಂತೆ ಮಾರುತ್ತಿದ್ದ ಕಾಲದ ಕಥೆ ಅದು. ಮೇಷ್ಟರು ಚಿತ್ರ ತೋರಿಸುತ್ತಾ ಕನ್ನಡದಲ್ಲಿ ಹೇಳಿದರು. ನಾನು ಕಾಡಿ ಬೇಡಿ ಅದನ್ನು ಒಂದು ಭಾನುವಾರದ ಮಟ್ಟಿಗೆ ಮನೆಗೆ ತಂದೆ.

ಅದನ್ನು ತೋರಿಸಿದ್ದು ದೊಡ್ಡಕ್ಕನಿಗೆ. ನೆಂಟಳಲ್ಲ, ನಾನು ಹಾಗೆ ಕರೆಯುತ್ತಿದ್ದೆ ಅಷ್ಟೆ; ಅವಳು ನನ್ನನ್ನು ಸಣ್ಣವ್ವ ಎನ್ನುತ್ತಿದ್ದಳು. ತನ್ನ ಅಪ್ಪನ ಕಾಲದಿಂದ ಆಕೆ ನಮ್ಮ ಮನೆಯಲ್ಲಿ ಜೀತಕ್ಕಿದ್ದಳು. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ನನ್ನ ವಾರಿಗೆಯವಳು, ಆಗಲೇ ನಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು.

ಕಣದ ಅಂಚಿನಲ್ಲಿ ಕಾಳು ಕೇರುತ್ತಿದ್ದ ದೊಡ್ಡಕ್ಕನ ಪಕ್ಕ ಕೂತು ಹಾಳೆ ತಿರುವಿದೆ. ಕಪ್ಪು ಹೆಂಗಸೊಬ್ಬಳು ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಕತ್ತಲಲ್ಲಿ ಹೊಳೆ ದಾಟುತ್ತಿದ್ದಳು. ಹಿಂದೆ ದಡದಲ್ಲಿ ನಾಯಿಗಳು, ದೀಪ ಹಿಡಿದ ಗಂಡಸರು. ಕೊನೆಯ ಚಿತ್ರದಲ್ಲಿ ಅವಳು ಬಯಲಲ್ಲಿ ನಿಂತು ನಗುತ್ತಿದ್ದಳು.

"ಮನೆಯಿಲ್ಲ, ಮಠ ಇಲ್ಲ. ಯಾಕ್ ನಗ್ತಾಳೆ, ಸಣ್ಣವ್ವ?" ಎಂದಳು ದೊಡ್ಡಕ್ಕ.

ಮೇಷ್ಟರು ಹೇಳಿದ್ದನ್ನೇ ಹೇಳಿದೆ: "ಇನ್ಮೇಲೆ ಆಕೆಗೆ ಯಾರೂ ಧಣಿ ಇಲ್ವಂತೆ."

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಚಿತ್ರವನ್ನು ಬಹಳ ಹೊತ್ತು ನೋಡಿದಳು. "ನನ್ನಂಗೇ ಅದಾಳೆ" ಎಂದಳು. ನನಗೆ ಒಮ್ಮೆಲೇ ನಾಚಿಕೆಯಾಯಿತು. ಆ ಕಥೆಯ ಧಣಿಯನ್ನು ನಾನು ಮನಸಾರೆ ಬೈದುಕೊಂಡಿದ್ದೆ. ನಮ್ಮಪ್ಪ ನೆನಪಾಗಿರಲೇ ಇಲ್ಲ.

ಎಂಟು ದಿನ ಕಳೆದಿರಬೇಕು. ಬೆಳಗ್ಗೆ ಅಪ್ಪ ಕಟ್ಟೆಯ ಮೇಲೆ ಕೂತಿದ್ದಾಗ ದೊಡ್ಡಕ್ಕ ಗಂಟು ಹೊತ್ತು, ಮಗಳ ಕೈ ಹಿಡಿದು ಅಂಗಳಕ್ಕೆ ಬಂದಳು.

"ಧಣೀ, ನಾವು ಹೊಂಟ್ವಿ. ಸಂತೇಬೆನ್ನೂರಾಗೆ ನಮ್ಮಣ್ಣ ಅದಾನೆ. ಇವಳು ಸಾಲಿಗೆ ಹೋಗ್ಲಿ."

"ಸಾಲ ತೀರೋತನಕ ದುಡೀತೀವಿ ಅಂತ ನಿಮ್ಮಪ್ಪ ಕೊಟ್ಟ ಮಾತು ಏನಾತು?" ಅಪ್ಪ ಎದ್ದು ನಿಂತರು.

"ಮಾತು ಕೊಟ್ಟೋನು ಅವ್ನು. ನಾನಲ್ಲ. ಕದ್ದು ಹೋಗಾಕೆ ಮನಸಾಗ್ಲಿಲ್ಲ, ಅದಕ್ಕೆ ಹೇಳಾಕೆ ಬಂದೆ."

ಅಪ್ಪನ ಕೂಗಿಗೆ ಓಣಿಯ ಜನ ಸೇರಿದರು. ನಾನು ಕಂಬದ ಮರೆಯಿಂದ ನೋಡುತ್ತಿದ್ದೆ. ಆಗ ಒಳಗಿನಿಂದ ಅಜ್ಜಿ ಬಂದರು. "ಬಿಡಪ್ಪ, ಹೋಗ್ಲಿ. ಇವರಪ್ಪ ಈ ಅಂಗಳದಾಗೇ ಜೀವ ಸವೆಸಿದ. ಇನ್ನೆಷ್ಟು ಬೇಕು ನಿಂಗೆ?" ಅಪ್ಪ ತಾಯಿಗೆ ಎದುರಾಡಿದವರಲ್ಲ. ಮುಖ ತಿರುಗಿಸಿಕೊಂಡು ಒಳಗೆ ಹೋದರು. ದೊಡ್ಡಕ್ಕ ಅಜ್ಜಿಗೆ ದೂರದಿಂದಲೇ ಕೈಮುಗಿದು, ಊರ ನಡುವಿನ ದಾರಿಯಲ್ಲೇ ನಡೆದು ಹೋದಳು.

ಮೂರು ವರ್ಷದ ನಂತರ ಎತ್ತು ಕೊಳ್ಳಲು ಅಪ್ಪ ಸಂತೇಬೆನ್ನೂರಿನ ಸಂತೆಗೆ ಹೋದಾಗ ನಾನೂ ಗಾಡಿ ಹತ್ತಿದೆ. ಬದನೆಕಾಯಿ ರಾಶಿಯ ಮುಂದೆ ದೊಡ್ಡಕ್ಕ ಕೂತಿದ್ದಳು. ತುಸು ಮೈ ತುಂಬಿಕೊಂಡಿದ್ದಳು.

"ಬಾರವ್ವ, ಕುಂದ್ರು" ಎಂದು ಪಕ್ಕದಲ್ಲೇ ಗೋಣಿಚೀಲ ಹಾಸಿ, ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು. ಮಗಳು ಮೂರನೆಯ ತರಗತಿಯಲ್ಲಿದ್ದಳಂತೆ. ಲೆಕ್ಕ ಚುರುಕು, ಮಾತು ಇನ್ನೂ ಚುರುಕು ಎಂದು ನಕ್ಕಳು.

ಅಪ್ಪ ಹತ್ತು ಮಾರು ದೂರದಲ್ಲಿ ನಿಂತು ನೋಡುತ್ತಿದ್ದರು. ಅವಳ ಕೈಯ ರೊಟ್ಟಿ ನಮ್ಮ ಮನೆಯವರು ತಿನ್ನುವಂಥದ್ದಲ್ಲ. ಅವರ ಕಡೆ ನೋಡುತ್ತಲೇ ನಾನು ತಿಂದೆ. ಅಪ್ಪ ಬೇಡವೆನ್ನಲಿಲ್ಲ, ನಾನು ತಿಂದು ಮುಗಿಸುವವರೆಗೆ ಬಿಸಿಲಲ್ಲೇ ಕಾದು ನಿಂತರು.