ಮುದ್ದೆ ಅಗಿಯುತ್ತಿದ್ದ ತಮ್ಮ

ಇಂದು ಊಟಕ್ಕೆ ಕೂತಾಗ ಮೊಮ್ಮಗ ರಾಗಿ ಮುದ್ದೆಯನ್ನು ನುಂಗದೆ ಅಗಿಯುತ್ತಿದ್ದ. ಮನೆಯವರೆಲ್ಲ ನಕ್ಕರು. ನನಗೆ ತಮ್ಮ ಸೀನ ನೆನಪಾದ.

ಜಾವಗಲ್ಲಿನ ನಮ್ಮ ಮನೆಯಲ್ಲಿ ಅಜ್ಜಿ ಬಿಸಿ ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ಗುಳುಕ್ಕನೆ ನುಂಗುತ್ತಿದ್ದರು. ಸೀನ ಮಾತ್ರ ಬಾಯಲ್ಲೇ ಉಸಿರಾಡುತ್ತ ಪ್ರತಿ ತುತ್ತನ್ನೂ ಅಗಿಯುತ್ತಿದ್ದ. ಆರು ವರ್ಷವಾದರೂ ನಾಲ್ಕರ ಮಗುವಿನಂತಿದ್ದ. ಮನೆಗೆ ಬಂದವರೆದುರು ನಾನು ಅವನಂತೆ ಬಾಯಿ ತೆರೆದು ಅಣಕಿಸುತ್ತಿದ್ದೆ. ಒಂದು ದಿನ, "ಅನ್ನ ಸಿಗ್ಲಿ ಅಂತ ನಾಟಕ ಆಡ್ತಾನೆ ಕಣಜ್ಜಿ" ಎಂದು ಚಾಡಿ ಹೇಳಿದೆ. ಅಜ್ಜಿ ನಂಬಿದರು.

"ನುಂಗೋಗಂಟ ಏಳ್ಬೇಡ ಕಣ್ಲಾ!"

ಅವನು ಅಳುತ್ತಲೇ ನುಂಗಲು ಹೋದ. ಉಸಿರು ಕಟ್ಟಿ ತುಟಿ ನೀಲಿಯಾಯಿತು.

ಅರಸೀಕೆರೆಯ ಡಾಕ್ಟರು ಚಮಚದ ಹಿಡಿಯಿಂದ ಅವನ ನಾಲಿಗೆ ಒತ್ತಿ ನೋಡಿ ಅಪ್ಪನಿಗೆ ಹೇಳಿದರು: "ಗಂಟಲಲ್ಲಿ ದಾರೀನೇ ಇಲ್ವಲ್ಲ ಮೇಷ್ಟ್ರೇ. ಮಗು ಇಷ್ಟು ದಿನ ಹೇಗ್ರೀ ಊಟ ಮಾಡ್ತು?"

ನಾನು ಅಪ್ಪನ ಬೆನ್ನ ಹಿಂದೆ ಸರಿದೆ.

ಊದಿಕೊಂಡಿದ್ದ ಟಾನ್ಸಿಲ್ ತೆಗೆಸಿದ ಮೇಲೆ ಸೀನ ಎರಡೇ ವರ್ಷದಲ್ಲಿ ನನ್ನ ಕಿವಿಯೆತ್ತರ ಬೆಳೆದ. ಆದರೂ ಬಾಯಿಗೆ ತುತ್ತಿಡುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಿದ್ದ.

ಇಂದು ಮೊಮ್ಮಗನೂ ಹಾಗೇ ನೋಡಿದ. "ನಾಳೆ ಇವನ ಗಂಟಲು ತೋರಿಸ್ಕೊಂಡು ಬಾ" ಎಂದು ಮಗಳಿಗೆ ಹೇಳಿದೆ. ಆಮೇಲೆ ನನ್ನ ತುತ್ತನ್ನೂ ಅಗಿಯತೊಡಗಿದೆ.